ಸುರತ್ಕಲ್‌ನಲ್ಲಿ ಭಾಗವತಿಕೆ, ಮಣಿಪಾಲದಲ್ಲಿ ಮದ್ದಳೆ: ಸೊನೊಬಸ್ಸಾ, ಜಾಮುಲಸ್ಸಾ?

ಬೇರೆ ಬೇರೆ ಊರಲ್ಲಿರುವವರು ನೆಟ್‌ನಲ್ಲಿ ಒಟ್ಟಿಗೆ ಹಾಡಿ ನುಡಿಸಲು ಇರುವ ಎರಡು ಆ್ಯಪ್‌ಗಳು ಸೊನೊಬಸ್ ಮತ್ತು ಜಾಮುಲಸ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಾಮುಲಸ್‌ಗೆ. ನಾನು ಮಣಿಪಾಲದಲ್ಲಿರುವ, ಯಕ್ಷಗಾನದ ಹವ್ಯಾಸಿ ಮದ್ದಳೆಗಾರ. ಪದ್ಯ ಹಾಡುವ ನಮ್ಮ ಭಾಗವತರು ಸುರತ್ಕಲ್‌ನಲ್ಲಿ, ಚೆಂಡೆಯವರು ಕೆಲಸದ ಮೇಲೆ ಬೆಂಗಳೂರಿನಲ್ಲಿ. ವಾರದ ನಡುವೆ ಮೂವರೂ ಒಂದೆಡೆ ಸೇರುವುದು ಆಗದ ಮಾತು. ಹಾಗಾಗಿ ನೆಟ್‌ನಲ್ಲೇ ಪದ್ಯದ ಅಭ್ಯಾಸ ಶುರು ಮಾಡಿದೆವು.

ಆಫೀಸಿನ ಮೀಟಿಂಗ್ ಆ್ಯಪ್‌ಗಳನ್ನು ಇಲ್ಲೇ ಮುಗಿಸಿಬಿಡೋಣ. ಗದ್ದಲ ತೆಗೆಯಲು ಅವುಗಳಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನ್ ಅಂದುಕೊಳ್ಳುತ್ತದೆ. ನಮ್ಮಲ್ಲಿ ಒಂದೇ ಸಮನೆ ಬರುವುದು ಶ್ರುತಿ! ಶ್ರುತಿಪೆಟ್ಟಿಯ ಸದ್ದು ಎರಡು ಸೆಕೆಂಡ್ ಕೇಳಿಸಿ ಮೆಲ್ಲಗೆ ಮಾಯ. ಆ ಸೆಟ್ಟಿಂಗ್ ಆಫ್ ಮಾಡಬಹುದು, ಆದರೆ ಸದ್ದು ಆ ಕಡೆ ತಲುಪುವಾಗ ಆಗುವ ತಡ ಹೋಗುವುದಿಲ್ಲ. ಭಾಗವತರು ಮದ್ದಳೆಗೆ ಕಾಯುತ್ತಾರೆ, ಮದ್ದಳೆ ಭಾಗವತರಿಗೆ ಕಾಯುತ್ತದೆ, ಕಾಲ (ಲಯದ ವೇಗ) ಎಳೆಯುತ್ತಾ ಹೋಗುತ್ತದೆ. ಒಬ್ಬರು ಹೇಳಿ ಇನ್ನೊಬ್ಬರು ನುಡಿಸುವ ಪಾಠಕ್ಕಾದರೆ ಧಾರಾಳ ಸಾಕು.

ಎಷ್ಟು ತಡ ಆದರೆ ಪರವಾಗಿಲ್ಲ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 30 ಮಿಲಿಸೆಕೆಂಡ್ ತಡ ಎಂದರೆ ಹತ್ತು ಮೀಟರ್ ದೂರ ಕೂತು ನುಡಿಸಿದ ಹಾಗೆ. ಅಲ್ಲಿಯವರೆಗೆ ಕೈ ಹೇಗೋ ಸಂಭಾಳಿಸುತ್ತದೆ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ವೇಗದಲ್ಲಿ ಹಾಡುವ ಏರುಪದ್ಯದ ಹತ್ತಿರವೂ ಹೋಗುವ ಹಾಗಿಲ್ಲ.

ಸೊನೊಬಸ್ ಧ್ವನಿಯಲ್ಲಿ ನಿಜಕ್ಕೂ ಚೆಂದ. ಸದ್ದನ್ನು ಕುಗ್ಗಿಸದೆ ಹಾಗೇ ಕಳಿಸಬಹುದು. ಮದ್ದಳೆಯ ಎಡದ ಗುಂಕಿ (ತಗ್ಗು ದನಿಯ ಗುಂಯ್ ನಾದ) ಅದರಲ್ಲಿ ಕೇಳಿದಷ್ಟು ತುಂಬಿಕೊಂಡು ಬೇರೆ ಯಾವುದರಲ್ಲೂ ಕೇಳಲಿಲ್ಲ. ಫೋನಿನಲ್ಲೂ ಓಡುತ್ತದೆ, ಯಾರಿಂದ ಎಷ್ಟು ತಡ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಕಾಸೂ ಇಲ್ಲ. ಜಾಮುಲಸ್ ಕೂಡ ಪುಕ್ಕಟೆಯೇ ಅನ್ನಿ.

ಕಿರಿಕಿರಿ ಬೇರೆ ಕಡೆ. ಚೆಂಡೆಯವರು ನಮ್ಮಿಬ್ಬರಿಗೂ ಕೇಳಿಸುತ್ತಿದ್ದರು. ಭಾಗವತರು ಮಾತ್ರ ನನಗೆ ಕೇಳಿಸುತ್ತಿರಲಿಲ್ಲ, ನಾನು ಅವರಿಗೆ ಕೇಳಿಸುತ್ತಿರಲಿಲ್ಲ. ಸುರತ್ಕಲ್‌ಗೂ ಮಣಿಪಾಲಕ್ಕೂ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಘಟ್ಟದ ಆಚೆಯ ಚೆಂಡೆ ಕಿವಿಗೆ ಬಡಿಯುತ್ತದೆ, ಪಕ್ಕದ ಊರಿನ ಪದ್ಯ ಇಲ್ಲ! ಮೈಕ್ ಬದಲಿಸಿದೆವು, ಆ್ಯಪ್ ಅಳಿಸಿ ಮತ್ತೆ ಹಾಕಿದೆವು, ಫೈರ್‌ವಾಲ್ ತೆಗೆದೆವು. ಊಹೂಂ.

ಕಾರಣ ಸಿಜಿನ್ಯಾಟ್. ಐಪಿ ವಿಳಾಸಗಳಿಗೆ, ಅಂದರೆ ನೆಟ್‌ನಲ್ಲಿ ನಮ್ಮನ್ನು ಗುರುತಿಸುವ ನಂಬರ್‌ಗಳಿಗೆ, ಬರ ಇರುವುದರಿಂದ ಎಷ್ಟೋ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತವೆ. ವಿಡಿಯೊ ನೋಡಲು, ಬಿಲ್ ಕಟ್ಟಲು ಇದರಿಂದ ತೊಂದರೆ ಇಲ್ಲ. ಆದರೆ ಸೊನೊಬಸ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರ ದಾರಿ ಹುಡುಕುತ್ತದೆ. ಎರಡೂ ಕಡೆ ಕಟ್ಟುನಿಟ್ಟಿನ ಸಿಜಿನ್ಯಾಟ್ ಇದ್ದರೆ ಒಬ್ಬರ ಬಾಗಿಲು ಇನ್ನೊಬ್ಬರಿಗೆ ಸಿಗುವುದೇ ಇಲ್ಲ. ಬೆಂಗಳೂರಿನವರಿಗೆ ಸ್ವಂತ ವಿಳಾಸ ಇತ್ತು, ಹಾಗಾಗಿ ಅವರು ಬಚಾವ್. ನಮ್ಮ ನೆಟ್‌ನವರಿಗೆ ಫೋನ್ ಮಾಡಿದರೆ, "ಸ್ಪೀಡ್ ನೂರು ಬರ್ತಾ ಉಂಟಲ್ಲ, ಮತ್ತೆಂತ ಮಾರಾಯ್ರೆ?" ಅಂದರು. ಸ್ಪೀಡ್ ತಕೊಂಡು ನಾನೇನು ಮಾಡಲಿ? ಸ್ಥಿರ ವಿಳಾಸ ಬೇಕಾದರೆ ತಿಂಗಳಿಗೆ ಬೇರೆ ದುಡ್ಡಂತೆ, ಅದೂ ಕೇಳಿ ಹೇಳ್ತೇನೆ ಎಂದವರು ಇನ್ನೂ ಕೇಳುತ್ತಲೇ ಇದ್ದಾರೆ.

ಜಾಮುಲಸ್‌ಗೆ ಈ ರಗಳೆ ಇಲ್ಲ. ಎಲ್ಲರೂ ನಡುವಿನ ಒಂದು ಸರ್ವರ್‌ಗೆ ಹೋಗಿ ಸೇರುತ್ತಾರೆ. ಅದು ಎಲ್ಲರ ಸದ್ದು ಬೆರೆಸಿ ವಾಪಸ್ ಕಳಿಸುತ್ತದೆ. ನಮ್ಮ ಕಡೆಯಿಂದ ಹೊರಗೆ ಹೋದರೆ ಸಾಕು, ಒಳಗೆ ಯಾರೂ ಬರಬೇಕಾಗಿಲ್ಲ. ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಒಂದು ಪುಟ್ಟ ಮಷೀನ್ ಬಾಡಿಗೆಗೆ ಹಿಡಿದು, ಜಾಮುಲಸ್ ಬಳಸುವ ಯುಡಿಪಿ 22124 ಪೋರ್ಟ್ (ಸದ್ದು ಬಂದು ಹೋಗುವ ಬಾಗಿಲು) ತೆರೆದಿಟ್ಟೆವು. ಸರ್ವರ್‌ಗೆ ಹೋಗಿ ಬರುವುದೂ ನಮ್ಮ ಕಂಪ್ಯೂಟರಿನದ್ದೂ ಸೇರಿ ಒಟ್ಟು ತಡ 43 ಮಿಲಿಸೆಕೆಂಡ್ ಒಳಗಿದ್ದರೆ ಅದರಲ್ಲಿ ಹಸಿರು ದೀಪ, 68ರವರೆಗೆ ಹಳದಿ, ಆಮೇಲೆ ಕೆಂಪು. ಮುಂಬಯಿ ಮಷೀನ್‌ನಲ್ಲಿ ನಮಗೆ ಹಳದಿ, ಬೆಂಗಳೂರಿನದ್ದರಲ್ಲಿ ಹಸಿರು. ವೈಫೈ ಬಿಟ್ಟು ಲ್ಯಾನ್ ವಯರ್ ಎಳೆದ ಮೇಲೆ, ಅದು ಬೇರೆ ಮಾತು. ಹಾಲ್‌ನಲ್ಲಿ ಉದ್ದಕ್ಕೂ ಬಿದ್ದಿರುವ ಆ ವಯರ್ ಬಗ್ಗೆ ಮನೆಯಲ್ಲಿ ದಿನಾ ಮಂಗಳಾರತಿ.

ಇದರಲ್ಲೂ ಒಂದು ತೊಂದರೆ ಉಂಟು, ಅದು ತಾಳವಾದ್ಯದವರಿಗೇ ಜಾಸ್ತಿ. ಜಾಮುಲಸ್‌ನಲ್ಲಿ ಸರ್ವರ್‌ನಿಂದ ವಾಪಸ್ ಬಂದ ನಮ್ಮದೇ ಪೆಟ್ಟನ್ನು ಕೇಳಿಕೊಂಡು ನುಡಿಸಬೇಕು, ಕೈಯಲ್ಲಿರುವ ಮದ್ದಳೆಯನ್ನಲ್ಲ. ಆದರೆ ಮದ್ದಳೆ ಮಡಿಲಲ್ಲೇ ಇದೆಯಲ್ಲ! ಪ್ರತಿ ಪೆಟ್ಟೂ ಎರಡು ಸಲ ಕೇಳಿ, ಪೆಟ್ಟುಗಳು ಒತ್ತೊತ್ತಾಗಿ ಬರುವ ಬಿಡ್ತಿಗೆಯ ಹೊತ್ತಿಗೆ ತಲೆ ಕೆಡುತ್ತದೆ. ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಸ್ವಲ್ಪ ಏರಿಸಿದ ಮೇಲೆ ಹಿಡಿತ ಬಂತು. ಹಾಡುವವರಿಗೆ ಇದು ಅಷ್ಟು ಕಾಡುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ಅದರ ತಡವೇ ಎಲ್ಲದಕ್ಕಿಂತ ದೊಡ್ಡದು.

ನಿಂಜಾಮ್ ಎಂಬ ಇನ್ನೊಂದು ಆ್ಯಪ್ ಕೂಡ ಇದೆ, 2005ರ ಕಾಲದ್ದು. ಅದರಲ್ಲಿ ಎಲ್ಲರಿಗೂ ಇತರರ ಸದ್ದು ಬೇಕೆಂದೇ ಒಂದು ಸುತ್ತು ತಡವಾಗಿ ಕೇಳಿಸುತ್ತದೆ. ಗಿಟಾರಿನಲ್ಲಿ ಅದೇ ನಾಲ್ಕು ಕಾರ್ಡ್ (ಸ್ವರಗುಚ್ಛ) ಸುತ್ತುವವರಿಗೆ ಮಜಾ. ನಮ್ಮ ಭಾಗವತರು ನಡುವೆ ಕಾಲ ಏರಿಸಿದರೆ ಕಥೆ ಮುಗಿಯಿತು.

ಖರ್ಚು? ಮಷೀನ್ ಬಾಡಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ, ಮೂವರಿಗೆ ಹಂಚಿದರೆ ಗೋಳಿಬಜೆ-ಚಹಾದ ಲೆಕ್ಕ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ಆಡಿಯೊ ಇಂಟರ್‌ಫೇಸ್, ನನ್ನಲ್ಲಿ ಮೊದಲೇ ಇತ್ತು. ಹೊಸದಾಗಿ ಕೊಳ್ಳಬೇಕಾದರೆ ಅದೇ ದೊಡ್ಡ ಖರ್ಚು. ನೀವು ಇಬ್ಬರೇ ಇದ್ದು, ಒಬ್ಬರ ಮನೆಗಾದರೂ ಸ್ವಂತ ಐಪಿ ಇದ್ದರೆ ಸುಮ್ನೆ ಸೊನೊಬಸ್ ಹಾಕಿಕೊಳ್ಳಿ, ಬಾಡಿಗೆಯೂ ಉಳಿಯಿತು. ಮೂರು ನಾಲ್ಕು ಜನ, ನಮ್ಮ ಹಾಗೆ ಸಿಜಿನ್ಯಾಟ್ ಇರುವ ಲೋಕಲ್ ಫೈಬರ್ ಆದರೆ ಜಾಮುಲಸ್. ಯಾವುದೇ ಹಾಕಿದರೂ ಮಳೆಗಾಲಕ್ಕೆ ಮುಂಚೆ ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ತೆಗೆದಿಡಿ. ಮನೆಯ ಇನ್ವರ್ಟರ್ ಬದಲಾಗುವ ಆ ಅರೆಕ್ಷಣಕ್ಕೇ ನಮ್ಮ ರೂಟರ್ ಮಲಗಿಬಿಡುತ್ತಿತ್ತು.