ಬಿಎಸ್3 ಅಥವಾ ಡಿಎಸ್‌ಎಸ್‌ಒ: ಪ್ರೋಟೀನ್ ರಚನೆಯ ಅಧ್ಯಯನಕ್ಕೆ ಯಾವ ಕ್ರಾಸ್‌ಲಿಂಕರ್?

ಪ್ರೋಟೀನಿನಲ್ಲಿ ಹತ್ತಿರವಿರುವ ಲೈಸಿನ್ ಎಂಬ ಅಮೈನೊ ಆಮ್ಲಗಳನ್ನು ಬೆಸೆದು, ಆ ಬೆಸುಗೆಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ (ಅಣುಗಳ ದ್ರವ್ಯರಾಶಿ ಅಳೆಯುವ ಉಪಕರಣ) ಗುರುತಿಸುವ ಕೆಲಸಕ್ಕೆ ಬಿಎಸ್3, ಡಿಎಸ್‌ಎಸ್‌ಒ ಎಂಬ ಬೆಸೆಯುವ ರಾಸಾಯನಿಕಗಳು (ಕ್ರಾಸ್‌ಲಿಂಕರ್‌ಗಳು) ಎರಡೂ ಒದಗುತ್ತವೆ. ಬಿಎಸ್3ರ ತೋಳು 11.4 ಆಂಗ್‌ಸ್ಟ್ರಾಮ್, ಡಿಎಸ್‌ಎಸ್‌ಒದ್ದು ಸುಮಾರು 10, ಆದ್ದರಿಂದ ಉದ್ದವನ್ನು ನೋಡಿ ಆರಿಸುವ ಅಗತ್ಯವಿಲ್ಲ. ನಿಜವಾದ ಭೇದವಿರುವುದು ದತ್ತಾಂಶದ ವಿಶ್ಲೇಷಣೆಯಲ್ಲಿ. ಬಿಎಸ್3ರ ಸೇತುವೆ ಉಪಕರಣದೊಳಗೆ ಸುಲಭವಾಗಿ ಮುರಿಯದ ಕಾರಣ ತಂತ್ರಾಂಶವು ಪೆಪ್ಟೈಡ್‌ಗಳ (ಪ್ರೋಟೀನಿನ ತುಣುಕುಗಳ) ಎಲ್ಲ ಜೋಡಿಗಳನ್ನೂ ಪರಿಗಣಿಸಬೇಕಾಗಬಹುದು, ಮತ್ತು ಕೇವಲ 1,000 ಪೆಪ್ಟೈಡ್‌ಗಳಿದ್ದರೂ ಅಂಥ ಜೋಡಿಗಳು ಸುಮಾರು ಐದು ಲಕ್ಷ. ಡಿಎಸ್‌ಎಸ್‌ಒ ಹಾಗಲ್ಲ: ಅದು ಅನಿಲದೊಡನೆ ಘರ್ಷಿಸಿದಾಗ ತನ್ನಲ್ಲಿರುವ ಸಲ್ಫಾಕ್ಸೈಡ್ ಎಂಬ ಗಂಧಕ-ಆಮ್ಲಜನಕ ಗುಂಪಿನ ಪಕ್ಕದಲ್ಲಿ ತುಂಡಾಗಿ, 31.97 ಡಾಲ್ಟನ್ (ಅಣುಗಳ ದ್ರವ್ಯರಾಶಿಯ ಮಾನ) ಅಂತರದ ಜೋಡಿ ಗುರುತುಗಳನ್ನು ಬಿಡುವುದರಿಂದ, ಪ್ರತಿ ಪೆಪ್ಟೈಡಿನ ದ್ರವ್ಯರಾಶಿಯೂ ಬೇರೆಬೇರೆಯಾಗಿ ತಿಳಿಯುತ್ತದೆ.

ಶುದ್ಧೀಕರಿಸಿದ ಒಂದೆರಡು ಪ್ರೋಟೀನ್‌ಗಳಿಗೆ, ನೀರಿನಲ್ಲಿ ಕರಗುವ ಬಿಎಸ್3 ಸಾಕು. ಇಡೀ ಕೋಶದ ಮಿಶ್ರಣಕ್ಕಾದರೆ ನಾನು ಡಿಎಸ್‌ಎಸ್‌ಒವನ್ನೇ ಆರಿಸುತ್ತೇನೆ, ಅದನ್ನು ಮೊದಲು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಕೊಳ್ಳುವ ತೊಡಕಿದ್ದರೂ.

ಗೋವಿನ ಸೀರಮ್ ಆಲ್ಬುಮಿನ್ ಮೇಲೆ ಹಲವು ಪ್ರಯೋಗಾಲಯಗಳು ನಡೆಸಿ 2019ರಲ್ಲಿ ಪ್ರಕಟಿಸಿದ ಸಾಮೂಹಿಕ ಹೋಲಿಕೆಯ ಉದ್ದೇಶ ಇಂಥ ವಿಧಾನಗಳನ್ನು ಏಕರೂಪಗೊಳಿಸುವುದೇ ಆಗಿತ್ತು. ಯಾವುದನ್ನು ಆರಿಸಿದರೂ ಟ್ರಿಸ್ ಬದಲು ಹೆಪೆಸ್ ಬಫರ್ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಬಳಸಬೇಕು (ಟ್ರಿಸ್‌ನಲ್ಲಿ ಲೈಸಿನ್‌ನಂತೆಯೇ ಇರುವ ಅಮೈನ್ ಗುಂಪು ಕ್ರಾಸ್‌ಲಿಂಕರನ್ನೇ ನುಂಗಿಬಿಡುತ್ತದೆ), ಮತ್ತು ತಪ್ಪು ಗುರುತಿಸುವಿಕೆಯ ಪ್ರಮಾಣವನ್ನು ಒಂದೇ ಪ್ರೋಟೀನಿನೊಳಗಿನ ಬೆಸುಗೆಗಳಿಗೂ ಎರಡು ಪ್ರೋಟೀನ್‌ಗಳ ನಡುವಿನವಕ್ಕೂ ಪ್ರತ್ಯೇಕವಾಗಿ ವರದಿ ಮಾಡಬೇಕು.