ತಾಯಿಗಿಡದ ವೈರಸ್ ಪರೀಕ್ಷೆ: ಎಲೈಸಾವೋ, ಪಿಸಿಆರೋ, ಸೂಚಕ ಗಿಡವೋ?

ಕಣ್ಣುಕಸಿಗೆ (ಒಂದು ಗಿಡದ ಮೊಗ್ಗನ್ನು ಇನ್ನೊಂದಕ್ಕೆ ಕೂರಿಸುವುದಕ್ಕೆ) ಆರಿಸುವ ಗುಲಾಬಿ ಅಥವಾ ಪ್ಲಮ್ ತಾಯಿಗಿಡದಲ್ಲಿ ಪ್ರೂನಸ್ ನೆಕ್ರೋಟಿಕ್ ರಿಂಗ್‌ಸ್ಪಾಟ್ ವೈರಸ್ ಇದೆಯೇ ಎಂದು ತಿಳಿಯಲು ಈ ಮೂರೂ ಉಪಯುಕ್ತ. ನೂರಾರು ಗಿಡಗಳನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸಬೇಕಿದ್ದರೆ ಎಲೈಸಾ (ವೈರಸ್ಸಿನ ಪ್ರೋಟೀನನ್ನು ಪ್ರತಿಕಾಯಗಳಿಂದ ಗುರುತಿಸುವ ಪರೀಕ್ಷೆ) ಸಾಕು. ಆದರೆ ಮಾದರಿಯನ್ನು ವಸಂತದ ಎಳೆ ಚಿಗುರಿನಿಂದಲೇ ತೆಗೆಯಬೇಕು, ಏಕೆಂದರೆ ಬೇಸಿಗೆಯ ಬಿಸಿಗೆ ವೈರಸ್ಸಿನ ಪ್ರಮಾಣ ಕುಗ್ಗಿ, ಸೋಂಕಿರುವ ಗಿಡವೂ ಶುದ್ಧವೆಂದು ತೋರಬಹುದು. ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪಿಸಿಆರ್ ಬಗೆಯಾದ ಆರ್‌ಟಿ-ಪಿಸಿಆರ್ ದುಬಾರಿಯಾದರೂ ಅತ್ಯಲ್ಪ ವೈರಸ್ಸನ್ನೂ ಹಿಡಿಯುತ್ತದೆ. ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ವಾರ ಇರಿಸಿ, ತುದಿಚಿಗುರನ್ನು ಕಸಿಮಾಡಿ ಪಡೆದ ಗಿಡ ನಿಜಕ್ಕೂ ವೈರಸ್‌ಮುಕ್ತವೇ ಎಂದು ನೋಡಲು ನಾನು ಇದನ್ನೇ ಆರಿಸುತ್ತೇನೆ. ಪ್ರಯೋಗಾಲಯ ಕೈಗೆಟುಕದ, ತಂಪು ಸೀಮೆಯ ನರ್ಸರಿಗೆ ಸೂಚಕ ಗಿಡವಾಗಿ, ಅಂದರೆ ಸೋಂಕು ತಗುಲಿದರೆ ಎದ್ದುಕಾಣುವ ಲಕ್ಷಣ ತೋರುವ ಗಿಡವಾಗಿ, ಶಿರೋಫ್ಯೂಗೆನ್ ಚೆರ್ರಿ ಒಳ್ಳೆಯದು: ಅದರ ಕೊಂಬೆಯಲ್ಲಿ ಶಂಕಿತ ತಾಯಿಗಿಡದ ಕಣ್ಣನ್ನು ಕೂರಿಸಿದರೆ, ಸೋಂಕಿದ್ದಲ್ಲಿ ಸುಮಾರು ಒಂದು ತಿಂಗಳೊಳಗೆ ಆ ಜಾಗದ ತೊಗಟೆ ಸತ್ತು ಅಂಟು ಒಸರುತ್ತದೆ. ಇಂಥದೇ ಇನ್ನೊಂದು ವೈರಸ್ಸಾದ ಪ್ರೂನ್ ಡ್ವಾರ್ಫ್ ವೈರಸ್ಸಿಗೂ ಅದು ಹೀಗೆಯೇ ಸ್ಪಂದಿಸುವುದರಿಂದ, ಯಾವ ವೈರಸ್ಸೆಂದು ಮಾತ್ರ ಹೇಳಲಾರದು.