ನಮ್ಮ ಕ್ಯಾಂಪಸ್ ಅಲರ್ಟ್ ಸೇವೆ: ಐದಕ್ಕೆ ಎರಡು ಸ್ಟಾರ್, ಅದೂ ಸೈರನ್ ಇದೆ ಅಂತ

ನಮ್ಮ ಯೂನಿವರ್ಸಿಟಿಯ ತುರ್ತು ಅಲರ್ಟ್‌ಗೆ ನಂಬರ್ ಕೊಟ್ಟು ಎರಡು ವರ್ಷ ಆಯಿತು. ಅಷ್ಟೂ ದಿನ ಬಂದಿದ್ದು "ಇದು ಪರೀಕ್ಷಾ ಸಂದೇಶ" ಅನ್ನೋದೊಂದೇ. ಕಳೆದ ತಿಂಗಳು ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಗ್ಯಾಸ್ ಸೋರಿತು ನೋಡಿ, ಆಗ ಈ ಸೇವೆಯ ಬಂಡವಾಳ ಬಯಲಾಯಿತು.

ನಾನು ಪಕ್ಕದ ಕಟ್ಟಡದ ಲೈಬ್ರರಿಯಲ್ಲಿದ್ದೆ. ಮೊದಲು ಸುದ್ದಿ ಬಂದಿದ್ದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ. ಒಬ್ಬ ಬೆಂಕಿ ಅಂದ, ಇನ್ನೊಬ್ಬ ಬಾಂಬ್ ಅಂದ, ಮತ್ತೊಬ್ಬ ಪುಣ್ಯಾತ್ಮ ಎಲ್ಲಿಯದೋ ಹಳೇ ಫೋಟೋ ಹಾಕಿ "ನಮ್ಮ ಗೇಟ್ ಹತ್ರ" ಅಂತ ಬರೆದ. ಯೂನಿವರ್ಸಿಟಿಯ ಮೆಸೇಜ್ ಬರೋ ಹೊತ್ತಿಗೆ 40 ನಿಮಿಷ ಕಳೆದಿತ್ತು. ಅದರಲ್ಲಿ ಇದ್ದಿದ್ದು ಇಷ್ಟು: ಕ್ಯಾಂಪಸ್‌ನಲ್ಲಿ ಒಂದು ಘಟನೆ ನಡೆದಿದೆ, ಅಧಿಕಾರಿಗಳು ಗಮನಿಸುತ್ತಿದ್ದಾರೆ, ಎಲ್ಲರೂ ಸಹಕರಿಸಿ.

ಏನು ಘಟನೆ? ಎಲ್ಲಿ? ನಾನು ಓಡಬೇಕಾ, ಇಲ್ಲೇ ಕೂರಬೇಕಾ? ಗ್ಯಾಸ್ ಸೋರಿದ ಕಟ್ಟಡದಲ್ಲೇ ಇದ್ದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಬೇಕು, ಹೊರಗಿನ ಗಾಳಿಯಲ್ಲಿ ವಿಷದ ಗ್ಯಾಸ್ ಇದ್ದರೆ ಕಿಟಕಿ ಮುಚ್ಚಿ ಒಳಗೇ ಇರಬೇಕು. ಎರಡೂ ತದ್ವಿರುದ್ಧ ಅಲ್ವಾ? "ಸಹಕರಿಸಿ" ಅಂದರೆ ಇದರಲ್ಲಿ ಯಾವುದು ಅಂತ ತಿಳಿಯಬೇಕು? ಲೈಬ್ರರಿಯಲ್ಲಿ ಅರ್ಧ ಜನ ಕಿಟಕಿ ತೆಗೆದರು, ಉಳಿದರ್ಧ ಮುಚ್ಚಿದರು.

ಯಾಕಿಷ್ಟು ತಡ ಅಂತ ಆಮೇಲೆ ಆಫೀಸಿನಲ್ಲಿ ಕೇಳಿದೆ. ಮೆಸೇಜ್‌ಗೆ ಮೂವರು ಒಪ್ಪಿಗೆ ಕೊಡಬೇಕಂತೆ, ಒಬ್ಬರು ಮೀಟಿಂಗ್‌ನಲ್ಲಿದ್ದರಂತೆ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಬೆಳಿಗ್ಗೆ ಸುಮಾರು 7:15ಕ್ಕೆ ಹಾಸ್ಟೆಲ್‌ನಲ್ಲಿ ಗುಂಡು ಹಾರಿತ್ತು, ಎಲ್ಲರಿಗೂ ಮೊದಲ ಇಮೇಲ್ ಹೋಗಿದ್ದು 9:26ಕ್ಕೆ. ಅದಾಗಿ ಸ್ವಲ್ಪ ಹೊತ್ತಿಗೇ ಅದೇ ವ್ಯಕ್ತಿ ತರಗತಿಗಳಿಗೆ ನುಗ್ಗಿದ, ಒಟ್ಟು 32 ಜನರನ್ನು ಕೊಂದ. ಮರುವರ್ಷ ಅಲ್ಲಿ ಕಾನೂನು ತಿದ್ದಿ, ಅಪಾಯ ಖಚಿತವಾದ ತಕ್ಷಣ ಕ್ಯಾಂಪಸ್‌ಗೆ ತಿಳಿಸಲೇಬೇಕು ಅಂತ ಮಾಡಿದರು. ನಮ್ಮವರು ಇನ್ನೂ ಸಹಿಗೆ ಕಾಯುತ್ತಾರೆ.

ತಪ್ಪು ಸುದ್ದಿ ಹೋದರೆ ಅನ್ನೋ ಭಯ ಸುಳ್ಳೇನಲ್ಲ. 2018ರ ಜನವರಿಯಲ್ಲಿ ಹವಾಯಿಯಲ್ಲಿ ಕ್ಷಿಪಣಿ ಬರ್ತಿದೆ ಅಂತ ಎಲ್ಲರ ಫೋನಿಗೂ ತಪ್ಪು ಎಚ್ಚರಿಕೆ ಹೋಗಿತ್ತು, ಅದು ಸುಳ್ಳು ಅಂತ ಫೋನಿಗೆ ಮೆಸೇಜ್ ಬರಲು 38 ನಿಮಿಷ ಬೇಕಾಯಿತು. ಆದರೆ ಅದಕ್ಕೆ ಮದ್ದು ತಡ ಮಾಡೋದಲ್ಲ. ಗ್ಯಾಸ್, ಬೆಂಕಿ, ನೆರೆ, ಹೀಗೆ ಒಂದೊಂದಕ್ಕೂ ಮೊದಲೇ ನಾಲ್ಕು ಸಾಲು ಬರೆದಿಟ್ಟು, ಆ ಹೊತ್ತಿಗೆ ಕಟ್ಟಡದ ಹೆಸರು ತುಂಬಿ ಕಳಿಸಿದರೆ ಆಯಿತು. ಚಿಕ್ಕದಾಗಿಯೇ ಇರಲಿ, ಒಂದು ಎಸ್ಸೆಮ್ಮೆಸ್‌ಗೆ ಇಂಗ್ಲಿಷ್‌ನಲ್ಲಿ 160 ಅಕ್ಷರ, ಕನ್ನಡದಲ್ಲಾದರೆ ಬರೀ 70. ನಮ್ಮವರು ಅದರಲ್ಲಿ ಅರ್ಧವನ್ನು "ಸಂಬಂಧಪಟ್ಟ ಅಧಿಕಾರಿಗಳು" ಅನ್ನೋದಕ್ಕೇ ಸುರಿದಿದ್ದರು. ಜೊತೆಗೆ ಒಂದು ಲಿಂಕ್, ಎಲ್ಲರೂ ಒಟ್ಟಿಗೆ ಒತ್ತಿದ್ದಕ್ಕೋ ಏನೋ ಪೇಜ್ ತೆರೆಯಲೇ ಇಲ್ಲ.

ಸೈರನ್ ಮಾತ್ರ ಚೆನ್ನಾಗಿದೆ, ಫೋನ್ ಸೈಲೆಂಟ್‌ನಲ್ಲಿದ್ದರೂ ಕೇಳಿಸುತ್ತೆ. ಆದರೆ ನನ್ನ ಗೆಳತಿಗೆ ಕಿವಿ ಕೇಳಿಸಲ್ಲ. ಅವಳು ಇದ್ದ ರೂಮಿನಲ್ಲಿ ಮಿನುಗೋ ದೀಪ ಇಲ್ಲ, ಪಕ್ಕದವರು ಭುಜ ತಟ್ಟಿ ಹೇಳಿದರು.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಕ್ಯಾಂಟೀನ್‌ನವರು, ಕಸ ಗುಡಿಸೋ ಅಕ್ಕಂದಿರು, ಗುತ್ತಿಗೆ ಕೆಲಸದವರು, ಯಾರ ನಂಬರೂ ಪಟ್ಟಿಯಲ್ಲಿಲ್ಲ. ಗುರುತಿನ ಚೀಟಿ ಇದ್ದವರಿಗೆ ಮಾತ್ರ ಮೆಸೇಜ್! ಲ್ಯಾಬ್ ಇರೋ ಮಹಡಿಯಲ್ಲಿ ಆಗ ನೆಲ ಒರೆಸುತ್ತಿದ್ದವರಿಗೆ ಹೇಳಿದ್ದು ಸೆಕ್ಯುರಿಟಿ ಅಣ್ಣ, ಮೆಟ್ಟಿಲು ಹತ್ತಿ ಹೋಗಿ.

"ಈಗ ಅಪಾಯ ಇಲ್ಲ, ಒಳಗೆ ಹೋಗಬಹುದು" ಅನ್ನೋ ಮೆಸೇಜ್ ಇವತ್ತಿನವರೆಗೂ ಬಂದಿಲ್ಲ. ಲೆಕ್ಕ ಹಾಕಿದರೆ ನಾವಿನ್ನೂ ತುರ್ತು ಪರಿಸ್ಥಿತಿಯಲ್ಲೇ ಇದ್ದೇವೆ. ಹೊಸದಾಗಿ ಸೇರುವವರು ನಂಬರ್ ಕೊಡಿ, ಆದರೆ ಸೆಕ್ಯುರಿಟಿ ರೂಮಿನ ನಂಬರನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಎರಡನೇ ರಿಂಗಿಗೆ ಎತ್ತುತ್ತಾರೆ.